ರೋಬರ್ಟನ ಎರಡು ಟಬ್ಬಿನ ಗದ್ದೆ

ಲಂಡನ್ನಿನ ವಾಯವ್ಯ ಮೂಲೆಯಲ್ಲಿ, ಕೊಲಿಂಡೇಲ್‌ನಿಂದ ಬಸ್ಸು ಹತ್ತಿದರೆ ಇಪ್ಪತ್ತು ನಿಮಿಷಕ್ಕೆ ಒಂದು ಕೆರೆ ಸಿಗುತ್ತದೆ. ಅದಕ್ಕೆ ಇಂಗ್ಲಿಷಿನಲ್ಲಿ ಚೆಂದದ ಹೆಸರೊಂದಿದೆ. ನಾವು ಮಾತ್ರ ಮೊದಲಿನಿಂದಲೂ ಕೆರೆ ಎಂದೇ ಕರೆಯುತ್ತ ಬಂದೆವು. ಏರಿ ಇದೆ, ಕೋಡಿ ಇದೆ, ದಂಡೆಯ ಮೇಲೆ ಜೊಂಡು ಇದೆ. ಇಲ್ಲದ್ದೆಂದರೆ ಅದರ ನೀರು ಉಣ್ಣುವ ಒಂದು ಗುಂಟೆ ಹೊಲ. ಹಾಯಿದೋಣಿ ಆಡಿಸುವವರಿಗೂ ಹಂಸಗಳಿಗೂ ಬಿಟ್ಟುಕೊಟ್ಟ ಕೆರೆ ಅದು. ನೇಗಿಲು ಹಿಡಿದ ಕೈಯವನಿಗೆ ಅಷ್ಟೊಂದು ನೀರು ಸುಮ್ಮನೆ ಬಿದ್ದುಕೊಂಡಿರುವುದನ್ನು ನೋಡಿದರೆ ಎಷ್ಟು ಎಕರೆ ನೆನೆದೀತು ಎಂದು ಲೆಕ್ಕ ಹಾಕುವಂತಾಗುತ್ತದೆ. ಇಪ್ಪತ್ತೈದು ವರ್ಷ ನೋಡಿದ ಮೇಲೂ ನನಗೆ ಹಾಗೆಯೇ ಆಗುತ್ತದೆ.

ಏರಿಯ ಕೆಳಗೆ ಅಲಾಟ್ಮೆಂಟ್ ಇದೆ. ಹಿತ್ತಲಿಲ್ಲದ ಫ್ಲಾಟುಗಳಲ್ಲಿ ಇರುವವರು ಕಾಯಿಪಲ್ಲೆ ಬೆಳೆದುಕೊಳ್ಳಲಿ ಎಂದು ಕೌನ್ಸಿಲ್ಲಿನವರು ವರ್ಷದ ಬಾಡಿಗೆಗೆ ಕೊಡುವ ತುಂಡು ನೆಲ. ಒಟ್ಟು ಮೂವತ್ತೆರಡು ತುಂಡು, ಒಂದೊಂದರಲ್ಲಿ ಒಂದೊಂದು ದೇಶ. ಸೈಪ್ರಸ್ಸಿನವನ ದ್ರಾಕ್ಷಿ ಚಪ್ಪರ, ಜಮೈಕಾದವಳ ಕುಂಬಳ, ಗುಜರಾತಿ ಮುದುಕನ ಮೆಂತ್ಯ. ಐರ್ಲೆಂಡಿನವನೊಬ್ಬ ಹೊಟ್ಟೆಗೆ ಬಾರದ ಡೇಲಿಯಾ ಹೂವು ಬಿಟ್ಟು ಬೇರೇನೂ ಬೆಳೆಯುತ್ತಿರಲಿಲ್ಲ. ವಾರವೆಲ್ಲ ಎಲ್ಲೆಲ್ಲೋ ದುಡಿದು ಭಾನುವಾರ ಬಂದು ಸೇರುವ ಊರು ಅದು. ಬೇಲಿಯ ಮೇಲಿಂದ ಒಬ್ಬರ ಸೊಪ್ಪು ಇನ್ನೊಬ್ಬರ ಬುಟ್ಟಿಗೆ ಹೋಗುತ್ತಿತ್ತು. ಈ ಊರಿಗೆ ಗೌಡರೂ ಶಾನುಭೋಗರೂ ಎರಡೂ ಆಗಿದ್ದವರು ಸೆಕ್ರೆಟರಿ ಡೊರೀನ್. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಬಡಿಸಿ ನಿವೃತ್ತರಾದ ಹೆಂಗಸು. ಕೈಯಲ್ಲಿ ಕೋಲು, ಕಂಕುಳಲ್ಲಿ ನಿಯಮದ ಪುಸ್ತಕ.

ಕೊನೆಯ ಸಾಲಿನ ಮೂರು ತುಂಡು ಕನ್ನಡ ಮಾತಾಡುವವರವು. ನಡುವಿನದು ನನ್ನದು. ಪಕ್ಕದ್ದು ಸಿಂದಗಿ ಕಡೆಯ ಕಲ್ಲಯ್ಯ, ಪಾರ್ವತೆವ್ವ ದಂಪತಿಯದು. ಮೂರನೆಯದು ಕರಾವಳಿಯ ಶಿರ್ವ ಕಡೆಯ ರೋಬರ್ಟ್ ಮಥಾಯಸನದು. ನಾನು ಬರೆಯಲು ಕೂತದ್ದು ಈ ರೋಬರ್ಟನ ಕಥೆ.

ರೋಬರ್ಟನ ತಂದೆಗೆ ಬೇಕರಿ ಇತ್ತು. ಮಗ ಹದಿನಾರಕ್ಕೆ ಮನೆ ಬಿಟ್ಟು ಬೊಂಬಾಯಿ ಸೇರಿದ. ಅಲ್ಲಿಂದ ಹಡಗಿನ ಅಡುಗೆಮನೆಗೆ ಹೋಗಿ ಹನ್ನೊಂದು ವರ್ಷ ಈರುಳ್ಳಿ ಸುಲಿದ. ಆಮೇಲೆ ಬೆಲ್ಲಾಳನ್ನು ಮದುವೆಯಾದ. ಆಕೆ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಹಾಗಾಗಿ ಇವನೂ ಇಲ್ಲಿಗೆ ಬಂದ, ಟ್ಯೂಬ್ ನಿಲ್ದಾಣವೊಂದರಲ್ಲಿ ಕೆಲಸಕ್ಕೆ ಸೇರಿದ. ಪ್ಲಾಟ್‌ಫಾರ್ಮಿನ ಮೇಲೆ ನಿಂತು ಮೈಕಿನಲ್ಲಿ ಕೂಗಿ ಹೇಳುವುದು ಅವನ ಕೆಲಸ. ಬಾಗಿಲ ಹತ್ತಿರ ನಿಲ್ಲಬೇಡಿ, ಗಾಡಿ ತಡವಾಗಿದೆ, ನಿಮಗಾದ ಅನಾನುಕೂಲಕ್ಕೆ ಕ್ಷಮೆ ಇರಲಿ. ದಿನಕ್ಕೆ ನೂರು ಸಲ ಕ್ಷಮೆ ಕೇಳಿಯೂ ಅವನ ಮುಖ ಬಾಡಿದ್ದನ್ನು ನಾನು ಕಂಡಿರಲಿಲ್ಲ. ಊರವರ ಪರವಾಗಿ ಕೇಳುವ ಕ್ಷಮೆ ಯಾರಿಗೂ ಭಾರವಾಗುವುದಿಲ್ಲ.

ಬಂಗಾರದಂಥ ಮನುಷ್ಯ. ಒಂದೇ ಖೋಡಿ ಎಂದರೆ ಮಾತು ಕೊಡುವ ಚಟ. ಎಲೆಯಡಿಕೆ ಕೊಟ್ಟಷ್ಟು ಸಲೀಸಾಗಿ ಮಾತು ಕೊಡುತ್ತಿದ್ದ. ಕಲ್ಲಯ್ಯನ ಶೆಡ್ಡಿನ ಮಾಡು ರಿಪೇರಿ ಮಾಡಿಕೊಡುತ್ತೇನೆ ಎಂದ. ಏಣಿ ಹತ್ತಿ ಮಾಡಿದವನು ನಾನು. ಡೊರೀನರ ಗೇಟಿಗೆ ಬಣ್ಣ ಬಳಿಯುತ್ತೇನೆ ಎಂದ, ಬಳಿದವನು ಕಲ್ಲಯ್ಯ. ಅವನ ಮಾತು ಎಂದೂ ಸುಳ್ಳಾಗುತ್ತಿರಲಿಲ್ಲ, ಯಾರಾದರೂ ನಡೆಸಿಕೊಡುತ್ತಿದ್ದರು. ಹಾಗಾಗಿ ಅವನಿಗೆ ಮಾತಿನ ತೂಕವೇ ತಿಳಿಯದೆ ಹೋಯಿತು.

ಇಂಥವನು ಒಂದು ಸಲ ಸಿಕ್ಕಿಬಿದ್ದ.

ರೋಬರ್ಟನ ಕಡೆಯ ಕೊಂಕಣಿ ಕ್ರೈಸ್ತರಲ್ಲಿ ಸೆಪ್ಟೆಂಬರ್ ಎಂಟಕ್ಕೆ ಮೊಂತಿ ಹಬ್ಬ. ಮರಿಯಮ್ಮನವರು ಹುಟ್ಟಿದ ದಿನ, ಹೊಸ ತೆನೆಯ ದಿನವೂ ಹೌದು. ಇಗರ್ಜಿಯಲ್ಲಿ ಪಾದ್ರಿಗಳು ತೆನೆಗೆ ಆಶೀರ್ವಾದ ಮಾಡಿ ಹಂಚುತ್ತಾರೆ. ಅದರ ಕಾಳು ಸುಲಿದು ಅರೆದು ಹಾಲಿಗೆ ಬೆರೆಸಿ, ಮನೆಯ ಹಿರಿಯರ ಕೈಯಿಂದ ಎಲ್ಲರೂ ಒಂದೊಂದು ಗುಟುಕು ಕುಡಿಯಬೇಕು. ಅಂದಿನ ಊಟ ಪೂರ್ತಿ ಸಸ್ಯಾಹಾರ. ಪಿನ್ನರ್‌ನಿಂದ ಹಿಡಿದು ಸಟನ್‌ವರೆಗೆ ಚದುರಿರುವ ನಲವತ್ತು ಕೊಂಕಣಿ ಮನೆಗಳವರು ಆ ವಾರದ ಭಾನುವಾರ ನಮ್ಮ ಕಡೆಯ ಇಗರ್ಜಿಯ ಸಭಾಭವನದಲ್ಲಿ ಸೇರುತ್ತಿದ್ದರು. ಭತ್ತ ಎಲ್ಲಿಂದ ಬರಬೇಕು? ಯಾವುದಾದರೂ ಹಳ್ಳಿಯಿಂದ ಗೋಧಿಯ ತೆನೆ ತಂದು ಸುಧಾರಿಸುತ್ತಿದ್ದರು.

ತೊಂಬತ್ತೆಂಟರಲ್ಲಿ ತೆನೆಯ ಸರದಿ ಬೆಲ್ಲಾಳದಾಗಿತ್ತು. ನಾನು ತರುತ್ತೇನೆ ಎಂದು ರೋಬರ್ಟ್ ಮಾತು ಕೊಟ್ಟ, ಮರೆತೂಬಿಟ್ಟ. ಶನಿವಾರ ಸಂಜೆ ನೆನಪಾದಾಗ ಅಂಗಡಿಗಳ ಬಾಗಿಲು ಹಾಕುವ ಹೊತ್ತು. ಹೂವಿನ ಅಂಗಡಿಯೊಂದರಲ್ಲಿ ಹೂದಾನಿಗೆ ಇಡುವ ಒಣಗಿದ ಗೋಧಿ ತೆನೆಯ ಕಟ್ಟು ಕಂಡಿತು. ಪರಿಚಯದ ರೈತನ ಹೊಲದ್ದು ಎಂದು ಹೇಳಿ ಬೆಲ್ಲಾಳ ಕೈಗಿಟ್ಟ. ಆಕೆ ನಂಬಿದಳು. ತೆನೆಗಳು ಬಂಗಾರದ ಹಾಗೆ ಹೊಳೆಯುತ್ತಿದ್ದವು. ಹೊಳಪು ವಾರ್ನಿಶಿನದು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಮರುದಿನ ಸಭಾಭವನದಲ್ಲಿ ನಲವತ್ತು ಮನೆಯವರಿಗೂ ಕಾಳು ಅರೆದು ಹಾಲಿಗೆ ಬೆರೆಸಿ ಕೊಟ್ಟವಳು ಬೆಲ್ಲಾ.

ಯಾರೂ ಆಸ್ಪತ್ರೆಗೆ ಸೇರಲಿಲ್ಲ, ಅಷ್ಟು ಪುಣ್ಯ. ಆದರೆ ಸಟನ್‌ನವರು ಮನೆ ಮುಟ್ಟುವುದರೊಳಗೆ ಐದು ಕಡೆ ಕಾರು ನಿಲ್ಲಿಸಬೇಕಾಯಿತಂತೆ. ಪಿನ್ನರ್‌ನ ಹಿರಿಯರೊಬ್ಬರು ಎರಡು ದಿನ ಬಚ್ಚಲುಮನೆಯಲ್ಲೇ ವಾಸ ಮಾಡಿದರಂತೆ. ಮುಂದಿನ ವಾರದಿಂದ ಆಕೆಯ ಹೆಸರು ವಾರ್ನಿಶ್ ಬೆಲ್ಲಾ ಎಂದಾಯಿತು. ನರ್ಸಮ್ಮನೇ ಮದ್ದು ಅರೆದಳು ಎಂದು ನಕ್ಕವರುಂಟು. ಬೆಲ್ಲಾ ಇಗರ್ಜಿಯ ಹಾಡಿನ ಮೇಳದಲ್ಲಿ ಮೊದಲ ಸಾಲು ಎತ್ತಿಕೊಡುವವಳು. ಆ ದಿನದಿಂದ ಹಾಡುವುದನ್ನು ಬಿಟ್ಟಳು. ಹಿಂದಿನ ಬೆಂಚಿನಲ್ಲಿ ಕೂತು, ಪೂಜೆ ಮುಗಿದೊಡನೆ ಪಕ್ಕದ ಬಾಗಿಲಿನಿಂದ ಹೊರಟುಹೋಗುತ್ತಿದ್ದಳು.

ತೆನೆ ತಂದದ್ದು ನಾನು ಎಂಬ ಒಂದು ಮಾತು ಸಾಕಿತ್ತು. ದಿನಕ್ಕೆ ನೂರು ಸಲ ಕ್ಷಮೆ ಕೇಳುವ ಬಾಯಿಗೆ ಆ ಒಂದು ಮಾತು ಬರಲಿಲ್ಲ. ಚಳಿಗಾಲದಲ್ಲಿ ಒಂದು ದಿನ ನನ್ನ ಶೆಡ್ಡಿನಲ್ಲಿ ಚಹಾ ಕುಡಿಯುತ್ತ ಹೂವಿನ ಅಂಗಡಿಯ ಕಥೆಯನ್ನು ನನ್ನೊಬ್ಬನ ಹತ್ತಿರ ಹೇಳಿಕೊಂಡ. ಎಲ್ಲರಿಗೂ ಹೇಳಿಬಿಡು ಎಂದೆ. ಹೇಳುವುದಕ್ಕಿಂತ ಮಾಡಿ ತೋರಿಸುತ್ತೇನೆ ಎಂದ. ಮಾಡಿದ್ದೇನೆಂದರೆ ಜನವರಿಯ ಸಭೆಯಲ್ಲಿ ಎದ್ದು ನಿಂತು, ಬರುವ ಹಬ್ಬಕ್ಕೆ ಲಂಡನ್ನಿನ ಮಣ್ಣಿನಲ್ಲೇ ಬೆಳೆದ ನಿಜವಾದ ಭತ್ತದ ತೆನೆ ತರುತ್ತೇವೆ, ಬೆಲ್ಲಾಳೇ ಬುಟ್ಟಿ ಹೊತ್ತು ತರುತ್ತಾಳೆ ಎಂದು ನಲವತ್ತು ಮನೆಯವರ ಎದುರು ಮಾತು ಕೊಟ್ಟ.

ಬೆಲ್ಲಾ ಅವನನ್ನು ನೋಡಿದ ನೋಟವನ್ನು ಅವನೇ ನನಗೆ ವರ್ಣಿಸಿದ. ಕಾರಿನಲ್ಲಿ ಕೂತ ಮೇಲೆ ಆಕೆ ಒಂದೇ ಮಾತು ಹೇಳಿದಳಂತೆ: “ಮಾತು ಕೊಡುದು ನೀವು. ಮುಖ ತೋರಿಸ್ಬೇಕಾದ್ದು ನಾನು.”

ಗದ್ದೆ ಎಂಬುದನ್ನು ರೋಬರ್ಟ್ ಬಸ್ಸಿನ ಕಿಟಕಿಯಿಂದ ಮಾತ್ರ ಕಂಡವನು. ಆದರೂ ಅವನು ಹಿಡಿದ ಹಟ ನೋಡಿ ನನಗೂ ಬೆರಗಾಯಿತು. ಊರಿನಿಂದ ಬಂದ ನಾದಿನಿ ಕಾಲುಚೀಲದಲ್ಲಿ ಎರಡು ಹಿಡಿ ಬೀಜದ ಭತ್ತ ಕಟ್ಟಿಕೊಂಡು ಬಂದಳು. ಮಾರ್ಚಿನಲ್ಲಿ ಅದನ್ನು ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಿಸಿನೀರಿನ ಟ್ಯಾಂಕ್ ಇರುವ ಕಪಾಟಿನಲ್ಲಿ ಬೆಲ್ಲಾಳ ಮಡಿ ಟವೆಲುಗಳ ನಡುವೆ ಇಟ್ಟ. ಮೊಳಕೆ ಬಂತು, ಟವೆಲುಗಳಿಗೆ ಹುಳಿ ವಾಸನೆಯೂ ಬಂತು. ಸಸಿಗಳು ಬೈಠಕ್‌ಖಾನೆಯ ಕಿಟಕಿಗೆ ಏರಿದವು. ಮಗಳು ವಲೀಶಾಗೆ ಕನ್ನಡ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳು ಬಗ್ಗಿ ನೋಡಿ, “ಡ್ಯಾಡ್, ದಟ್ಸ್ ಜಸ್ಟ್ ಗ್ರಾಸ್,” ಎಂದು ಹೇಳಿ ಹೋದಳು.

ಗದ್ದೆಗೆ ಬದು ಬೇಕಲ್ಲ. ಯಾರೋ ಮನೆಯ ಬಚ್ಚಲು ಒಡೆಸಿ ಹೊಸದು ಕಟ್ಟಿಸುತ್ತಿದ್ದರು. ರಸ್ತೆಗೆ ಎಸೆದಿದ್ದ ಎರಡು ಬಾತ್‌ಟಬ್‌ಗಳನ್ನು ರೋಬರ್ಟ್ ವ್ಯಾನಿನಲ್ಲಿ ಹೇರಿಕೊಂಡು ಬಂದ. ಒಂದು ಗುಲಾಬಿ ಬಣ್ಣದ್ದು, ಒಂದು ಹಸಿರು. ಎರಡನ್ನೂ ಇಟ್ಟಿಗೆಯ ಮೇಲೆ ಕೂರಿಸಿ, ತಳಕ್ಕೆ ಕಲ್ಲುಹರಳು ಹಾಕಿ, ಮೇಲೆ ಮಣ್ಣು ತುಂಬಿ ಕಲಸಿದ. ತೂತಿನ ರಬ್ಬರ್ ಬಿರಡೆಯ ಸರಪಳಿಯನ್ನು ಮಾತ್ರ ಮಣ್ಣಿನ ಮೇಲೆ ಎಳೆದು ಅಂಚಿಗೆ ಕಟ್ಟಿದ. ಕೊಯ್ಲಿಗೆ ಮೊದಲು ನೀರು ಬಿಡಬೇಕು ಎಂದು ಯಾರೋ ಹೇಳಿದ್ದರಂತೆ. ಜೂನಿನಲ್ಲಿ ನಾಟಿ ಆಯಿತು. ಬಾತುಗಳ ಕಾಟಕ್ಕೆ ತನ್ನ ಹಳೆಯ ಕಿತ್ತಳೆ ಬಣ್ಣದ ಡ್ಯೂಟಿ ಕೋಟು ತೊಡಿಸಿ ಬೆದರುಬೊಂಬೆ ನಿಲ್ಲಿಸಿದ. ಬಾತುಗಳು ಅದರ ನೆರಳಲ್ಲಿ ಮಲಗಿದವು. ಏರಿಯ ಮೇಲೆ ಅಡ್ಡಾಡಲು ಬಂದ ಮುದುಕರೊಬ್ಬರು ಬೇಲಿಯಾಚೆ ನಿಂತು ಬೊಂಬೆಯನ್ನೇ ಬಸ್ಸಿನ ದಾರಿ ಕೇಳಿ, ಉತ್ತರ ಬಾರದ್ದಕ್ಕೆ ಗೊಣಗುತ್ತ ಹೋದರು.

ಡೊರೀನ್ ಕೋಲೂರಿಕೊಂಡು ಬಂದರು. ಇದೇನು ಎಂದರು. ಭತ್ತ ಎಂದ ರೋಬರ್ಟ್. ಪುಸ್ತಕ ತಿರುವಿದರು. ಜೇನು, ಕೋಳಿ, ಬೆಂಕಿ, ಜೋಕಾಲಿ, ಎಲ್ಲದಕ್ಕೂ ನಿಯಮವಿತ್ತು, ಭತ್ತಕ್ಕೆ ಇರಲಿಲ್ಲ. ಬಹಳ ಹೊತ್ತು ಯೋಚಿಸಿ “ಅಲಂಕಾರದ ಕೊಳ, ಎರಡು” ಎಂದು ಬರೆದುಕೊಂಡು ಹೋದರು. ರೋಬರ್ಟ್ ಅವರಿಗೊಂದು ಚೀಲ ಅಕ್ಕಿ ಕೊಡುವುದಾಗಿ ಮಾತು ಕೊಟ್ಟ.

ಈ ಗದ್ದೆಯನ್ನು ಎಲ್ಲರಿಗಿಂತ ಹೆಚ್ಚು ಅನುಮಾನದಿಂದ ನೋಡಿದವರು ಕಲ್ಲಯ್ಯ, ಪಾರ್ವತೆವ್ವ. ಕಲ್ಲಯ್ಯ ಬ್ರೆಡ್ಡಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು, ಹುಟ್ಟಿದ್ದು ಎರೆನೆಲದಲ್ಲಿ. ಜೋಳ, ಕುಸುಬೆ, ತೊಗರಿ ಬಲ್ಲವನು. ನಿಂತ ನೀರಿನಲ್ಲಿ ಬೇರು ಮುಳುಗಿಸಿ ಇಡುವುದು ಅವನ ಲೆಕ್ಕದಲ್ಲಿ ಬೆಳೆಯಲ್ಲ, ಶಿಕ್ಷೆ. ದಿನವೂ ಬಂದು ಟಬ್ಬಿನ ಮೇಲೆ ಬಗ್ಗಿ ಚುಚ್ ಎಂದು ನಾಲಗೆ ಲೊಚಗುಟ್ಟಿ ಹೋಗುತ್ತಿದ್ದ. ಪಾರ್ವತೆವ್ವಳ ಚಿಂತೆಯೇ ಬೇರೆ.

“ಅಲ್ರಿ ರೋಬರ್ಟಣ್ಣಾರ, ಜಳಕದ ತೊಟ್ಟ್ಯಾಗ ಬೆಳದದ್ದು ದೇವರಿಗೆ ನಡೀತೈತೇನ್ರಿ?”

“ಯೇಸುಸ್ವಾಮಿ ಹುಟ್ಟಿದ್ದೇ ದನದ ಹಟ್ಟಿಯಲ್ಲಿ, ಪಾರ್ವತಕ್ಕ. ಅವರಿಗೆ ಜಾಗದ ತಕರಾರು ಇಲ್ಲ.”

ಪಾರ್ವತೆವ್ವ ಒಪ್ಪಲಿಲ್ಲ, ಆದರೆ ಅಂದಿನಿಂದ ಟಬ್ಬಿನ ಹತ್ತಿರ ಬರುವಾಗ ಚಪ್ಪಲಿ ಬಿಡತೊಡಗಿದಳು.

ಆಗಸ್ಟಿನ ಹೊತ್ತಿಗೆ ಎರಡೂ ಟಬ್ಬಿನ ಪೈರು ಮೊಣಕಾಲೆತ್ತರ, ಗಿಳಿಯ ರೆಕ್ಕೆಯ ಹಸಿರು. ಹಬ್ಬಕ್ಕೆ ಒಂದು ತಿಂಗಳು. ತೆನೆಯ ಸುಳಿವಿಲ್ಲ. ಅಷ್ಟರಲ್ಲಿ ರೋಬರ್ಟ್ ಇನ್ನೊಂದು ಮಾತು ಕೊಟ್ಟಿದ್ದ. ಆ ತಿಂಗಳ ಹನ್ನೊಂದಕ್ಕೆ ಸೂರ್ಯಗ್ರಹಣ. ಪೂರ್ತಿ ಕತ್ತಲಾಗುವುದು ದೂರದ ಕಾರ್ನ್‌ವಾಲಿನಲ್ಲಿ, ಲಂಡನ್ನಿನಲ್ಲಿ ಒಂದು ಎಳೆ ಉಳಿಯುತ್ತದೆ ಎಂದು ಪತ್ರಿಕೆಗಳು ಬರೆದಿದ್ದವು. ಮಕ್ಕಳಿಗೆ ಪೂರ್ತಿ ಕತ್ತಲನ್ನೇ ತೋರಿಸುತ್ತೇನೆ ಎಂದಿದ್ದ. ವಾರದ ರಜೆ ಹಾಕಿ ಹೊರಡುವ ಮುನ್ನ ಕಲ್ಲಯ್ಯನ ಎರಡೂ ಕೈ ಹಿಡಿದು, ಟಬ್ಬಿನಲ್ಲಿ ನೀರು ಬೆರಳುದ್ದಕ್ಕಿಂತ ಇಳಿಯಬಾರದು, ಇದೊಂದನ್ನು ನೋಡಿಕೊಳ್ಳಿ ಎಂದ. ಕಲ್ಲಯ್ಯ ಲಿಂಗದ ಮೇಲೆ ಕೈಯಿಟ್ಟು ಆಗಲಿ ಎಂದ.

ಗ್ರಹಣದ ದಿನ ಅಲಾಟ್ಮೆಂಟಿನವರೆಲ್ಲ ಏರಿಯ ಮೇಲೆ ಸಾಲಾಗಿ ನಿಂತರು. ಎಲ್ಲರ ಮುಖಕ್ಕೂ ರಟ್ಟಿನ ಕನ್ನಡಕ. ಡೊರೀನ್ ತಮ್ಮ ನಾಯಿಗೂ ಒಂದು ಕಟ್ಟಿದ್ದರು. ಹನ್ನೊಂದು ದಾಟಿ ಇಪ್ಪತ್ತು ನಿಮಿಷಕ್ಕೆ ಬೆಳಕು ಹಿತ್ತಾಳೆಯ ಬಣ್ಣಕ್ಕೆ ತಿರುಗಿ, ಗಾಳಿ ತಣ್ಣಗಾಗಿ, ಬಾತುಗಳು ಸಂಜೆಯಾಯಿತೆಂದು ನಡುಗಡ್ಡೆಗೆ ಹೊರಟವು. ನಾನೂ ಅಲ್ಲಿದ್ದೆ. ಅಲ್ಲಿರದೆ ಶೆಡ್ಡಿನೊಳಗೆ ಬಾಗಿಲು ಹಾಕಿಕೊಂಡು ಕೂತವರು ಇಬ್ಬರೇ, ಕಲ್ಲಯ್ಯ ಮತ್ತು ಪಾರ್ವತೆವ್ವ. ಮನೆಯ ಕೊಡಗಳನ್ನು ಬೋರಲು ಹಾಕಿ, ಹಿಟ್ಟಿನ ಡಬ್ಬಿಗೆ ಗರಿಕೆ ಹಾಕಿ ಬಂದವರು ಅವರು.

ಗ್ರಹಣ ಬಿಟ್ಟಿತು. ಪಾರ್ವತೆವ್ವ ಹೊರಗೆ ಬಂದವಳು ಟಬ್ಬುಗಳನ್ನು ನೋಡಿ ಎದೆ ಮೇಲೆ ಕೈಯಿಟ್ಟಳಂತೆ. ಇಡೀ ಗ್ರಹಣ ಅವುಗಳ ನೀರಿನೊಳಗೆ ಬಿದ್ದಿತ್ತು. ನಮ್ಮ ಕಡೆ ಗ್ರಹಣ ಹಾಯ್ದ ನೀರನ್ನು ಯಾರೂ ಮನೆಯಲ್ಲಿ ಉಳಿಸಿಕೊಳ್ಳುವುದಿಲ್ಲ, ಚೆಲ್ಲಿ ಹೊಸ ನೀರು ತುಂಬುತ್ತಾರೆ. ಇದು ದೇವರ ಪಾಲಿನ ಬೆಳೆ ಬೇರೆ.

“ಚೆಲ್ರಿ ಅದನ್ನ ಮೊದಲ,” ಎಂದಳು. “ಮಂದಿ ನಂಬಿ ಬಿಟ್ಟು ಹೋಗ್ಯಾರ. ಮೈಲಿಗಿ ನೀರಾಗ ನಿಂದ್ರಸೂದೇನು?”

ಕಲ್ಲಯ್ಯನಿಗೂ ಸರಿಯೆನಿಸಿತು. ಬೇರಿಗೆ ಒಂದು ಗಳಿಗೆ ಉಸಿರಾಡಲು ಸಿಕ್ಕರೆ ಒಳ್ಳೆಯದೇ ಎಂಬ ಒಕ್ಕಲುತನದ ಯೋಚನೆಯೂ ಒಳಗೆ ಇತ್ತು. ಗುಲಾಬಿ ಟಬ್ಬಿನ ಸರಪಳಿ ಎಳೆದ. ನೀರೆಲ್ಲ ಗಳಗಳನೆ ಇಳಿದುಹೋಯಿತು, ಆದರೆ ಮೇಲೆ ಬಂದದ್ದು ಅರ್ಧ ಬಿರಡೆ. ಹಳೆಯ ರಬ್ಬರು ಹರಿದಿತ್ತು. ಹಸಿರು ಟಬ್ಬಿನದು ಎಳೆದಾಗ ಸರಪಳಿಯೇ ಕಿತ್ತು ಕೈಗೆ ಬಂತು, ಬಿರಡೆ ಜಗ್ಗಲಿಲ್ಲ. ಅದಕ್ಕೆ ಪಾರ್ವತೆವ್ವ ಒಂದು ಹಿಡಿ ಗರಿಕೆ ಹಾಕಿ, ಶಿವ ಶಿವ ಎಂದು ಶುದ್ಧವಾಯಿತು ಎಂದು ಒಪ್ಪಿಕೊಂಡಳು.

ಗುಲಾಬಿ ಟಬ್ಬಿಗೆ ಹೊಸ ನೀರು ಹೊಯ್ದರೆ ಮೇಲೆ ಹಾಕಿದ್ದು ಕೆಳಗೆ ಬಂತು. ಕಲ್ಲಯ್ಯ ಚಿಂದಿ ತುರುಕಿದ, ನಿಲ್ಲಲಿಲ್ಲ. ಪಾರ್ವತೆವ್ವ ಮನೆಗೆ ಹೋಗಿ ಜೋಳದ ಹಿಟ್ಟು ಗಟ್ಟಿಯಾಗಿ ನಾದಿ ತಂದಳು. ಎಪ್ಪತ್ತರ ಮುದುಕ ಟಬ್ಬಿನ ಕೆಳಗೆ ಅಂಗಾತ ಮಲಗಿ ತೂತಿಗೆ ಹಿಟ್ಟು ಮೆತ್ತಿದ. ನಿಂತಿತು. ಮರುದಿನ ಬೆಳಿಗ್ಗೆ ನೋಡಿದರೆ ಹಿಟ್ಟೂ ಇಲ್ಲ, ನೀರೂ ಇಲ್ಲ. ಎರಡು ಬಾತುಗಳು ಇಟ್ಟಿಗೆಯ ಸಂದಿನಿಂದ ಕತ್ತು ಎಳೆದುಕೊಳ್ಳುತ್ತಿದ್ದವು. ಮತ್ತೆ ಹಿಟ್ಟು, ಮತ್ತೆ ಬಾತು. ಮೂರನೆಯ ದಿನಕ್ಕೆ ಏಳು ಬಾತುಗಳು ರೊಟ್ಟಿಯ ಹೊತ್ತಿಗೆ ಬಂದು ಪಂಕ್ತಿಗೆ ಕೂತಂತೆ ಕೂರತೊಡಗಿದವು. ಪೇಟೆಯಿಂದ ನಾನು ತಂದ ಹೊಸ ಬಿರಡೆ ಆ ತೂತಿಗೆ ಕೂರಲಿಲ್ಲ. ಕಲ್ಲಯ್ಯ ದಿನಕ್ಕೆ ಮೂವತ್ತು ಕ್ಯಾನು ನೀರು ಹೊತ್ತು ಸುರಿದ. ಮಣ್ಣು ಹಸಿಯಾಗಿಯೇ ಉಳಿಯಿತು, ಆದರೆ ನೀರು ನಿಲ್ಲಲಿಲ್ಲ.

ರೋಬರ್ಟ್ ಕಾರ್ನ್‌ವಾಲಿನಲ್ಲಿ ಕಂಡದ್ದು ಮೋಡ. ಅಷ್ಟು ದೂರ ಹೋಗಿ ಸೂರ್ಯನ ಅಂಚನ್ನೂ ನೋಡದೆ, ಗಂಟು ಮುಖದ ಮಕ್ಕಳನ್ನು ಮನೆಗೆ ಬಿಟ್ಟು, ನೇರವಾಗಿ ಗದ್ದೆಗೆ ಬಂದ. ಬಂದಾಗ ಕಂಡ ನೋಟ ಇದು: ನೀರಿಳಿದ ಗುಲಾಬಿ ಟಬ್, ಅದರ ಸುತ್ತ ಬಾತುಗಳ ಸಭೆ, ಅಡಿಯಿಂದ ಚಾಚಿದ ಕಲ್ಲಯ್ಯನ ಎರಡು ಕಾಲು. ಪಾರ್ವತೆವ್ವ ಗ್ರಹಣದ ವಿಷಯ ವಿವರಿಸತೊಡಗಿದಳು. ರೋಬರ್ಟ್ ಕೇಳಿಸಿಕೊಳ್ಳಲಿಲ್ಲ.

“ನಮ್ಮ ಬೆಲ್ಲಾನ ಮರ್ಯಾದೆ ಆ ಟಬ್ಬಿನಲ್ಲಿ ಇತ್ತು, ಅಯ್ಯನೋರೇ,” ಎಂದ, ಮೆಲ್ಲಗೆ. “ನೀವು ಅದನ್ನು ಕೋಡಿಗೆ ಬಿಟ್ಟಿರಿ.”

ಬೈದಿದ್ದರೆ ಕಲ್ಲಯ್ಯ ತಡೆದುಕೊಳ್ಳುತ್ತಿದ್ದ. ಬೆಲ್ಲಾಳ ಮರ್ಯಾದೆಗೂ ಟಬ್ಬಿಗೂ ಏನು ಸಂಬಂಧ ಎಂಬುದು ಅವನಿಗೆ ಗೊತ್ತಿರಲಿಲ್ಲ. ಎದ್ದು ಮೈಯ ಹಿಟ್ಟು ಕೊಡವಿಕೊಂಡು ಹೆಂಡತಿಯನ್ನು ಕರೆದುಕೊಂಡು ಹೋದ. ಅಂದಿನಿಂದ ಅವರು ರೋಬರ್ಟ್ ಡ್ಯೂಟಿಯಲ್ಲಿರುವ ಹೊತ್ತು ನೋಡಿ ಬರುತ್ತಿದ್ದರು. ಅವನು ಇವರ ಬೇಲಿಯ ಕಡೆ ತಲೆ ಎತ್ತುತ್ತಿರಲಿಲ್ಲ. ನಡುವಿನ ತುಂಡು ನನ್ನದಾದ್ದರಿಂದ ಎರಡೂ ಕಡೆಯ ಸೌತೆಕಾಯಿ ನನ್ನ ಪಾಲಿಗೆ ಬಂದವು. ಆ ಬೇಸಿಗೆಯಲ್ಲಿ ನಾನು ತಿಂದಷ್ಟು ಸೌತೆಕಾಯಿ ಯಾವ ಜನ್ಮದಲ್ಲೂ ತಿಂದಿಲ್ಲ.

ಗುಲಾಬಿ ಟಬ್ಬಿನ ಆಸೆಯನ್ನು ರೋಬರ್ಟ್ ಬಿಟ್ಟುಬಿಟ್ಟ. ಉಳಿದ ಹಸಿರು ಟಬ್ಬಿಗೆ ಹಳೆಯ ಕಿಟಕಿಯ ಗಾಜು ಮುಚ್ಚಿದ, ಗೊಬ್ಬರದ ಪುಡಿ ಸುರಿದ, ತುಂಬಿ ತುಳುಕುವಷ್ಟು ನೀರು ನಿಲ್ಲಿಸಿದ. ಪೈರು ಬೆಳೆಯಿತು. ಬೆಳೆಯಿತು, ಬೆಳೆಯಿತು, ಬರೀ ಎಲೆಯಾಗಿಯೇ ಬೆಳೆಯಿತು. ಗುಲಾಬಿ ಟಬ್ಬಿಗೆ ಯಾರೂ ನೀರು ಹಾಕುತ್ತಿರಲಿಲ್ಲ ಎಂದೇ ಅವನು ತಿಳಿದಿದ್ದ. ನಾನು ಮಾತ್ರ ದಿನವೂ ನೋಡುತ್ತಿದ್ದೆ. ಬೆಳಿಗ್ಗೆ ಏಳಕ್ಕೆ ಪಾರ್ವತೆವ್ವ ಬಂದು, ಚಪ್ಪಲಿ ಬಿಟ್ಟು, ಎರಡು ಕ್ಯಾನು ನೀರು ಚಿಮುಕಿಸಿ, ಕೈ ಮುಗಿದು ಹೋಗುತ್ತಿದ್ದಳು.

ಸೆಪ್ಟೆಂಬರ್ ಮೂರರ ಬೆಳಿಗ್ಗೆ ಆಕೆ ನನ್ನ ಶೆಡ್ಡಿನ ಬಾಗಿಲು ಬಡಿದಳು. ಯಾರಿಗಾದರೂ ಕೇಳಿಸೀತು ಎಂಬಂತೆ ಪಿಸುಗುಟ್ಟಿದಳು: “ಶಾಂತಪ್ಪಣ್ಣಾರ, ಹೊಡಿ ಒಡದೈತಿ.”

ಹೋಗಿ ನೋಡಿದೆ. ಗುಲಾಬಿ ಟಬ್ಬಿನಲ್ಲಿ, ಎಲೆಯ ಸುರುಳಿ ಸೀಳಿಕೊಂಡು, ತಿಳಿಹಸಿರು ತೆನೆಯೊಂದು ಇಣುಕುತ್ತಿತ್ತು. ಪಕ್ಕದಲ್ಲಿ ಇನ್ನೊಂದರ ಹೊಟ್ಟೆ ಉಬ್ಬಿತ್ತು. ಹಸಿರು ಟಬ್ಬಿನಲ್ಲಿ ಹುಡುಕಿದರೂ ಒಂದಿಲ್ಲ. ಏಕೆ ಹಾಗಾಯಿತು ಎಂಬುದಕ್ಕೆ ಮೂರು ವಿವರಣೆಗಳಿವೆ. ನಿಂತ ತಣ್ಣೀರಿನಡಿ ಬೇರು ಮರಗಟ್ಟುತ್ತದೆ, ನೀರಿಳಿದ ಮಣ್ಣು ಆಗಸ್ಟಿನ ಬಿಸಿಲಿಗೆ ಬೆಚ್ಚ ಹಿಡಿಯಿತು ಎಂಬುದು ನನ್ನದು. ಹಸಿರಿಗೆ ಗರಿಕೆ ಸಾಲಲಿಲ್ಲ, ಗ್ರಹಣದ ಮೈಲಿಗೆ ಕಳೆದದ್ದು ಆ ಒಂದಕ್ಕೇ ಎಂಬುದು ಪಾರ್ವತೆವ್ವಳದು. ಮೂರನೆಯದು ರೋಬರ್ಟನದು, ಅದು ಮರಿಯಮ್ಮನವರಿಗೆ ಸಂಬಂಧಿಸಿದ್ದು. ಮೂರನ್ನೂ ಯಾರೂ ಇನ್ನೂ ಬಿಟ್ಟುಕೊಟ್ಟಿಲ್ಲ.

ಸಂಜೆ ರೋಬರ್ಟನನ್ನು ಕರೆತಂದು ತೋರಿಸಿದೆ. ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತು ತೆನೆಯ ಕಾಳು ಎಣಿಸಿದ. ದಿನಾ ನೀರು ಹಾಕಿದ್ದು ಯಾರೆಂದೂ ಹೇಳಿದೆ. ಎದ್ದ, ನನ್ನನ್ನು ಜತೆಗೆ ಕರೆದುಕೊಂಡೇ ಕಲ್ಲಯ್ಯನ ಫ್ಲಾಟಿಗೆ ನಡೆದ. ಲಿಫ್ಟು ಕೆಟ್ಟಿತ್ತು, ಆರು ಮಹಡಿ ಹತ್ತಿದೆವು. ಬಾಗಿಲು ತೆಗೆದ ಕಲ್ಲಯ್ಯನ ಎದುರು ಏದುಸಿರು ಬಿಡುತ್ತಲೇ, ಹೂವಿನ ಅಂಗಡಿಯಿಂದ ಹಿಡಿದು ವಾರ್ನಿಶ್ ಬೆಲ್ಲಾ ಎಂಬ ಹೆಸರಿನವರೆಗೆ ಎಲ್ಲವನ್ನೂ ಹೇಳಿದ. ಬೆಲ್ಲಾ ಬುಟ್ಟಿ ಹೊತ್ತು ಹೋದರೆ ಸಾಕು, ಜನ ಹಳೆಯದನ್ನು ಮರೆಯುತ್ತಾರೆ ಎಂದ.

ಕಲ್ಲಯ್ಯ ನೀರು ತಂದುಕೊಟ್ಟ. ಉತ್ತರ ಕೊಟ್ಟವಳು ಪಾರ್ವತೆವ್ವ.

“ನೀವು ಬುಟ್ಟಿ ತುಂಬ ತೆನಿ ಒಯ್ರಿ, ಬಂಡಿ ತುಂಬ ಒಯ್ರಿ. ತಂದಾಂವ ನಾನು ಅಂತ ನೀವು ಹೇಳೂತನಾ ಆಕಿ ಮುಖಾ ಎತ್ತಂಗಿಲ್ರಿ. ಭತ್ತ ಬೆಳಿಯೂದು ಬ್ಯಾರೇದವ್ರು ಮಾಡಿಕೊಟ್ಟೇವು. ಇದನ್ನ ಯಾರು ಮಾಡಿಕೊಡಬೇಕು?”

ರೋಬರ್ಟ್ ಲೋಟ ಬರಿದು ಮಾಡಿ ಕೆಳಗಿಟ್ಟ. “ಹೇಳ್ತೇನೆ ಪಾರ್ವತಕ್ಕ,” ಎಂದ. ಅವನು ಮಾತು ಕೊಡುವಾಗ ಹೆದರಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಹಬ್ಬದ ಭಾನುವಾರಕ್ಕೆ ಕೊಯ್ದದ್ದು ಒಂಬತ್ತು ತೆನೆ. ನಮ್ಮ ಮೂವರನ್ನೂ ಕರೆದಿದ್ದರು. ಮಕ್ಕಳು ಹೂವು ಎರಚುತ್ತಿರಲು ಬೆಲ್ಲಾ ಬುಟ್ಟಿ ಹೊತ್ತು ಬಂದಳು, ಕಣ್ಣು ನೆಲಕ್ಕೆ. ದಾರಿಯ ಎರಡೂ ಕಡೆಯವರು ಭಕ್ತಿಯಿಂದ ಬಗ್ಗಿದರು ಎಂದುಕೊಂಡೆ. ಆಮೇಲೆ ತಿಳಿಯಿತು, ವಾಸನೆ ನೋಡುತ್ತಿದ್ದರು. ಪಿನ್ನರ್‌ನ ಹಿರಿಯರಂತೂ ಉಗುರಿನಿಂದ ಕೆರೆದು ನೋಡಿದರು. ಪಾದ್ರಿಗಳು ಆಶೀರ್ವಾದ ಮಾಡಿದರು. ಆಮೇಲೆ ಎಲ್ಲರೂ ಸಭಾಭವನಕ್ಕೆ ಬಂದು ಕೂತರು.

ರೋಬರ್ಟ್ ಮೈಕಿನ ಹತ್ತಿರ ಹೋದ. ಬಾಯಿ ತೆರೆದ, ದನಿ ಬರಲಿಲ್ಲ. ಕೊನೆಗೆ ಅವನನ್ನು ಕಾಪಾಡಿದ್ದು ಡ್ಯೂಟಿಯ ಅಭ್ಯಾಸ. ಪ್ಲಾಟ್‌ಫಾರ್ಮಿನ ದನಿ ತಾನಾಗಿ ಹೊರಟಿತು.

“ದಯವಿಟ್ಟು ಗಮನಿಸಿ. ಕಳೆದ ವರ್ಷದ ತೆನೆಯಿಂದ ನಿಮಗೆ ಆದ ಅನಾನುಕೂಲಕ್ಕೆ ಕ್ಷಮೆ ಇರಲಿ. ಆ ತೆನೆ ತಂದದ್ದು ನಾನು. ಹೂವಿನ ಅಂಗಡಿಯಿಂದ. ರೈತನ ಹತ್ರ ತಂದದ್ದು ಅಂತ ಬೆಲ್ಲಾಗೆ ಸುಳ್ಳು ಹೇಳಿದ್ದು ನಾನು. ಬೆಲ್ಲಾಗೆ ಎಂತದೂ ಗೊತ್ತಿರಲಿಲ್ಲ. ಈ ಪ್ರಕಟಣೆ ಒಂದು ವರ್ಷ ತಡವಾಗಿದೆ.”

ಆಗ ಸಟನ್‌ನವರೊಬ್ಬರು ಹಿಂದಿನಿಂದ, ಐದು ಸಲ ಕಾರು ನಿಲ್ಲಿಸಿದ್ದೇನೆ ಮಾರಾಯಾ, ಐದು ಸಲ, ಎಂದರು. ನಗು ಎಲ್ಲಿಂದ ಶುರುವಾಯಿತೋ, ಪಾದ್ರಿಗಳ ತನಕ ಹೋಯಿತು. ರೋಬರ್ಟ್ ಮಾತ್ರ ನಗದೆ ಬೆಲ್ಲಾಳನ್ನು ನೋಡುತ್ತಿದ್ದ. ಆಕೆ ಒಂಬತ್ತು ತೆನೆಯ ಕಾಳು ಬಿಡಿಸುತ್ತ ಕೂತಿದ್ದಳು, ತಲೆ ಎತ್ತದೆ ಹೇಳಿದಳು:

“ನಂಗೆ ಗೊತ್ತಿತ್ತು. ಹಬ್ಬದ ಮರುದಿನವೇ ನಿಮ್ಮ ಯೂನಿಫಾರ್ಮಿನ ಜೇಬಿನಲ್ಲಿ ಹೂವಿನ ಅಂಗಡಿಯ ಚೀಟಿ ಸಿಕ್ಕಿತ್ತು.”

“ಮತ್ತೆ ಎಂತಕ್ಕೆ ಹೇಳ್ಲಿಲ್ಲ?”

“ನೀವು ಯಾವಾಗ ಹೇಳ್ತೀರಿ ಅಂತ ನೋಡ್ತಾ ಇದ್ದೆ.” ಆಗ ತಲೆ ಎತ್ತಿದಳು. “ಇನ್ನು ಆ ಮೈಕ್ ಇಲ್ಲಿ ಕೊಡಿ. ಹಾಡು ಶುರು ಮಾಡ್ಲಿಕ್ಕುಂಟು.”

ಆಕೆ ಮೊದಲ ಸಾಲು ಎತ್ತಿಕೊಂಡಳು. ಕೊಂಕಣಿ ನನಗೆ ಬಾರದು, ಆದರೆ ಆ ದನಿಗೆ ಅರ್ಥ ಬೇಕಿರಲಿಲ್ಲ. ಹಾಡು ಮುಗಿಯುವ ತನಕ ರೋಬರ್ಟ್ ಮೈಕಿನ ಪಕ್ಕದಲ್ಲೇ, ಗಾಡಿ ತಪ್ಪಿದವನ ಹಾಗೆ ನಿಂತಿದ್ದ.

ಒಂಬತ್ತು ತೆನೆಯಲ್ಲಿ ಮುಕ್ಕಾಲು ಜಳ್ಳು. ಹಾಲುಗಟ್ಟಿದ ಎಳೆ ಕಾಳು ಬೊಗಸೆಯಲ್ಲ, ಬೆರಳ ಸಂದಿಗೆ ಆಗುವಷ್ಟು. ಅದನ್ನೇ ಅರೆದು ದೊಡ್ಡ ಪಾತ್ರೆಯ ಹಾಲಿಗೆ ಬೆರೆಸಿ ನಲವತ್ತು ಮನೆಯವರೂ ಕುಡಿದರು. ಒಬ್ಬರಿಗೂ ಏನೂ ಆಗಲಿಲ್ಲ, ರುಚಿಯೂ ಹತ್ತಲಿಲ್ಲ.

ಮಧ್ಯಾಹ್ನದ ಊಟ ರೋಬರ್ಟನ ಮನೆಯಲ್ಲಿ. ಹನ್ನೆರಡು ವರ್ಷ ಒಂದೇ ಸಾಲಿನ ನೆಲದಲ್ಲಿ ಅಗೆದಿದ್ದರೂ ಕಲ್ಲಯ್ಯ ದಂಪತಿ ಆ ಮನೆಯ ಹೊಸಿಲು ದಾಟಿರಲಿಲ್ಲ. ಮೀನಿನ ಮನೆ ಎಂಬ ಅಂಜಿಕೆ. ಆ ದಿನ ಬಾಳೆಲೆಯ ಮೇಲೆ ಒಂಬತ್ತು ಬಗೆ, ಒಂದರಲ್ಲೂ ಮೀನಿಲ್ಲ. ಪಾರ್ವತೆವ್ವ ಮೊದಲು ಮೂಗಿನಿಂದ, ಆಮೇಲೆ ಬೆರಳಿನಿಂದ, ಕೊನೆಗೆ ನಾಲಗೆಯಿಂದ ಖಾತ್ರಿ ಮಾಡಿಕೊಂಡು, ಆಮೇಲೆ ಎರಡು ಸಲ ಹಾಕಿಸಿಕೊಂಡಳು. ಮನೆಯ ಪಾಲಿನ ತೆನೆಯ ಹಾಲನ್ನು ಹಿರಿಯರೇ ಕೊಡಬೇಕಲ್ಲ. ಇದ್ದವರಲ್ಲಿ ಹಿರಿಯ ಕಲ್ಲಯ್ಯ. ಬೆಲ್ಲಾ ಲೋಟವನ್ನು ಅವನ ಕೈಗೆ ಕೊಟ್ಟಳು. ತಲೆತಲಾಂತರದಿಂದ ಪ್ರಸಾದ ಕೊಡುವ ಮನೆತನದವನು ಅವನು. ಎಲ್ಲರಿಗೂ ಕೊಟ್ಟು ರೋಬರ್ಟನ ಬಾಯಿಗೆ ಹೊಯ್ಯುವಾಗ ಮಾತ್ರ, “ಇದರಾಗ ವಾರ್ನಿಶ್ ಇಲ್ರಿ, ಕುಡೀರಿ,” ಎಂದ.

ಹಸಿರು ಟಬ್ಬನ್ನು ಮರುವರ್ಷ ಸೈಪ್ರಸ್ಸಿನವನು ದ್ರಾಕ್ಷಿ ತುಳಿಯಲು ಒಯ್ದ. ಗುಲಾಬಿ ಟಬ್ಬು, ತೂತಿಗೆ ತಕ್ಕ ಹೊಸ ಬಿರಡೆ ಹಾಕಿಸಿಕೊಂಡು, ಇದ್ದಲ್ಲೇ ಇತ್ತು, ಡೊರೀನರ ಪುಸ್ತಕದಲ್ಲಿ ಅಲಂಕಾರದ ಕೊಳವಾಗಿಯೇ. ಚೀಲ ಅಕ್ಕಿ ಅವರಿಗೆ ಸಿಗಲಿಲ್ಲ. ಒಂದು ಜಳ್ಳು ತೆನೆ ಸಿಕ್ಕಿತು, ಅದನ್ನು ಟೋಪಿಗೆ ಸಿಕ್ಕಿಸಿಕೊಂಡರು. ಎರಡು ಸಾವಿರದ ಎಂಟರಲ್ಲಿ ರೋಬರ್ಟ್ ಕೆಲಸದಿಂದ ನಿವೃತ್ತನಾಗಿ ಊರಿಗೆ ಹೋಗುವ ತನಕ ಪ್ರತಿ ವರ್ಷ ಗುಲಾಬಿ ಟಬ್ಬಿನಲ್ಲಿ ನಾಟಿ ಆಯಿತು. ಆಗಸ್ಟ್ ಹನ್ನೊಂದು ಬಂತೆಂದರೆ, ಆಕಾಶದಲ್ಲಿ ಗ್ರಹಣವಿರಲಿ ಇಲ್ಲದಿರಲಿ, ರೋಬರ್ಟ್ ಹೋಗಿ ಕಲ್ಲಯ್ಯನನ್ನು ಕರೆದುಕೊಂಡು ಬರುತ್ತಿದ್ದ. ಕಲ್ಲಯ್ಯ ಸರಪಳಿ ಎಳೆದು ನೀರು ಬಿಡುತ್ತಿದ್ದ. ಪಾರ್ವತೆವ್ವ ಚಪ್ಪಲಿ ಬಿಟ್ಟು ನಿಂತು, ನಾದಿಕೊಂಡು ಬಂದ ಜೋಳದ ಹಿಟ್ಟನ್ನು ಉಂಡೆ ಮಾಡಿ ಬಾತುಗಳಿಗೆ ಎಸೆಯುತ್ತಿದ್ದಳು. ಅವು ಆ ದಿನ ಬೆಳಿಗ್ಗೆಯೇ ಬಂದು ಕಾಯುತ್ತಿರುತ್ತವೆ ಎಂಬುದು ಆಕೆಯ ಮಾತು.